ಪೈಪಿನೊಳಗಿನ ಮೇಣ: ಒತ್ತಡ ನಂಬೋದಾ, ಶಾಖ ನಂಬೋದಾ, ಪಿಗ್ ನಂಬೋದಾ?

ಕಚ್ಚಾ ತೈಲದ ಪೈಪ್‌ಲೈನ್ ಒಳಗೆ ಮೇಣ ಎಷ್ಟು ಕಟ್ಟಿದೆ ಅಂತ ಹೊರಗಿನಿಂದ ಕಾಣಿಸುವುದಿಲ್ಲ. ಒಂದೇ ಲೈನಿನಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಎರಡು ತುದಿಗಳ ಒತ್ತಡದ ವ್ಯತ್ಯಾಸ. ಮೀಟರ್‌ಗಳು ಹೇಗೂ ಇರುತ್ತವೆ, ಹೊಸ ಖರ್ಚಿಲ್ಲ. ಸೂಕ್ಷ್ಮವೂ ಹೌದು: ಹರಿವಿನ ಪ್ರಮಾಣ ಬದಲಾಗದೆ, ತೈಲ ಸುಳಿಸುಳಿಯಾಗಿ ಹರಿಯುತ್ತಿದ್ದರೆ, ಇಡೀ ಲೈನಿನ ಒಳವ್ಯಾಸ 5% ಕಿರಿದಾದರೂ ಒತ್ತಡದ ನಷ್ಟ 29%ರಷ್ಟು ಏರುತ್ತದೆ. ಆದರೆ ಚಳಿ ಬಿದ್ದರೆ ತೈಲವೇ ಮಂದವಾಗುತ್ತದೆ, ಆಗಲೂ ಒತ್ತಡ ಏರುತ್ತದೆ. ಒಂದು ಚಳಿ ವಾರದಲ್ಲಿ ಗ್ರಾಫ್ ನೋಡಿ ಗಾಬರಿಯಾಗಿ ಪಿಗ್ (ತೈಲದ ಹರಿವೇ ತಳ್ಳಿಕೊಂಡು ಹೋಗುವ, ಪೈಪಿನ ಒಳಗೋಡೆ ಕೆರೆಯುವ ಬಿರಡೆ) ಬಿಡಿಸಿದೆ. ಆಚೆ ತುದಿಯಲ್ಲಿ ಅದು ಹೆಚ್ಚುಕಡಿಮೆ ಬರಿಗೈಲಿ ಬಂತು! ಅಂದಿನಿಂದ ತಾಪಮಾನಕ್ಕೆ ಲೆಕ್ಕ ಸರಿಪಡಿಸದೆ ಆ ಗ್ರಾಫ್ ನಂಬುವುದಿಲ್ಲ.

ಎರಡನೆಯದು ಪೈಪಿನ ಮೈಗೆ ಕಟ್ಟುವ ಶಾಖದ ಸೆನ್ಸರ್. ಮೇಣದಲ್ಲಿ ಶಾಖ ಸುಲಭವಾಗಿ ಹರಿಯುವುದಿಲ್ಲ. ಪದರ ದಪ್ಪವಾದಂತೆ ಹೊರಗೆ ಹೋಗುವ ಶಾಖ ಕಡಿಮೆಯಾಗುತ್ತದೆ. ಉಪಾಯ ಚೆನ್ನಾಗಿದೆ, ಜಾಗ ತಪ್ಪಿದರೆ ಮಾತ್ರ ಸುಮ್ನೆ ದಂಡ. ಕೈಗೆ ಸಿಗುತ್ತೆ ಅಂತ ನಾನು ಪಂಪಿನ ಹತ್ತಿರವೇ ಕಟ್ಟಿದ್ದೆ. ಅಲ್ಲಿ ತೈಲ ಇನ್ನೂ ಬಿಸಿ, ಮೇಣದ ಹರಳು ಮೂಡುವುದೇ ಇಲ್ಲ. ಪೈಪಿನ ಗೋಡೆ ಆ ಹರಳು ಮೂಡುವ ತಾಪಮಾನಕ್ಕಿಂತ ತಣ್ಣಗಾಗುವ ಕಡೆ ಕಟ್ಟಬೇಕಿತ್ತು. ಅಲ್ಲಿಗೆ ಸರಿಸಿದ ಮೇಲೆ ಅಂಕಿ ಮೆಲ್ಲಗೆ ಇಳಿಯತೊಡಗಿತು. ತೆರೆದ ಪೈಪಿನಲ್ಲಿ ಮಳೆ, ಗಾಳಿ, ಬಿಸಿಲು ಎಲ್ಲವೂ ಅದನ್ನು ಕೆಡಿಸುತ್ತವೆ. ಅದು ಹೇಳುವುದೂ ಆ ಒಂದು ಜಾಗದ ಸುದ್ದಿ ಅಷ್ಟೇ.

ಪಿಗ್ ಕೆರೆದು ತಂದದ್ದನ್ನು ಕೈಯಲ್ಲಿ ಹಿಸುಕಿ ನೋಡಬಹುದು, ಹಾಗಾಗಿ ವಾದಕ್ಕೆ ಜಾಗವೇ ಇಲ್ಲ. ಆದರೆ ಸುದ್ದಿ ತಡವಾಗಿ ಬರುತ್ತದೆ. ತೂಕವೂ ದಾರಿ ತಪ್ಪಿಸುತ್ತದೆ, ಹೊಸ ಪದರದಲ್ಲಿ ತೈಲವೇ ಜಾಸ್ತಿ ಸಿಕ್ಕಿಕೊಂಡಿರುತ್ತದೆ. ಹಳೆಯದು ಗಟ್ಟಿ. ತುಂಬಾ ದಿನ ಬಿಟ್ಟು ಕಳಿಸಿದರೆ ಮುಂದೆ ರಾಶಿಯಾದ ಮೇಣದಲ್ಲಿ ಪಿಗ್ಗೇ ಸಿಕ್ಕಿಬೀಳಬಹುದು, ಅದಕ್ಕೇ ಮೊದಲು ಮೆತ್ತನೆಯ ಫೋಮ್ ಪಿಗ್ ಬಿಡುವುದು.

ಸದ್ಯ ನನ್ನ ದಿನದ ಲೆಕ್ಕ ಒತ್ತಡದ್ದೇ. ಅದು ಏರಿದರೆ ಸೆನ್ಸರ್ ಕಡೆ ನೋಡುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಪಿಗ್.

ಮೇಣ ಎಲ್ಲಿ ಕೂತಿದೆ ಅಂತ ಮಾತ್ರ ಈ ಮೂರೂ ಸರಿಯಾಗಿ ಹೇಳುವುದಿಲ್ಲ. ವಾಲ್ವ್ ಥಟ್ಟನೆ ಮುಚ್ಚಿ, ಹಿಂದಕ್ಕೆ ಓಡುವ ಒತ್ತಡದ ಅಲೆಯನ್ನು ಅಳೆದರೆ ಅದೂ ತಿಳಿಯುತ್ತದೆ. ಒಮ್ಮೆ ಮಾಡಿ ನೋಡಿದೆವು. ಎರಡನೇ ಸಲ ಕೇಳಿದಾಗ ಪಂಪ್ ನೋಡಿಕೊಳ್ಳುವವರು ನನ್ನ ಮುಖವನ್ನೇ ನೋಡಿದರು.