ಕೋಹಾ ಹಾಕಿದೀರಾ? ಈ ಒಂದು ಸೆಟ್ಟಿಂಗ್ ಆನ್ ಮಾಡಿ
ನಮ್ಮ ಕಾಲೇಜ್ ಲೈಬ್ರರಿಗೆ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಬಂದು ಎರಡು ವರ್ಷ ಆಯ್ತು. ಇಶ್ಯೂ ರಿಟರ್ನ್ ಸಲೀಸು, ಕನ್ನಡ ಟೈಟಲ್ಲೂ ಸರ್ಚ್ ಆಗುತ್ತೆ, ಲೈಸೆನ್ಸ್ ದುಡ್ಡಿಲ್ಲ, ಇದೆಲ್ಲ ನಿಮಗೆ ಗೊತ್ತಿರೋದೇ.

ಮೊದಲಿದ್ದ ಸಾಫ್ಟ್‌ವೇರಲ್ಲಿ ಯಾರು ಯಾವ ಪುಸ್ತಕ ಒಯ್ದ್ರು ಅನ್ನೋದು ಅಡ್ಮಿಶನ್ ದಿನದಿಂದ ಹಾಗೇ ಕೂತಿರ್ತಿತ್ತು. ಒಂದಿನ ಒಬ್ಬ ಹುಡುಗಿ ತಂದೆ ಬಂದು ಮಗಳು ಏನೇನ್ ಓದ್ತಾಳೆ ಸ್ವಲ್ಪ ತೋರ್ಸಿ ಮೇಡಂ ಅಂದ್ರು, ನಾನೂ ಹಿಂದೆ ಮುಂದೆ ಯೋಚ್ನೆ ಮಾಡ್ದೇನೇ ಪ್ರಿಂಟ್ ತೆಗ್ದು ಕೊಟ್ಬಿಟ್ಟೆ, ಆಮೇಲೆ ಆ ಹುಡುಗಿ ಲೈಬ್ರರಿ ಮೆಟ್ಲು ಹತ್ಲಿಲ್ಲ. ಇವತ್ತಿಗೂ ನೋವಿದೆ.

ಕೋಹಾದಲ್ಲಿ ಓಪ್ಯಾಕ್‌ಪ್ರೈವೆಸಿ ಅಂತ ಒಂದು ಸೆಟ್ಟಿಂಗ್ ಇದೆ. ಆನ್ ಮಾಡಿದ್ರೆ ತಾನು ಓದಿದ ಪುಸ್ತಕಗಳ ಪಟ್ಟಿ ಇಟ್ಕೋಬೇಕಾ ಬೇಡ್ವಾ ಅಂತ ಓದೋರೇ ಆರಿಸ್ಬೋದು, ಬೇಡ ಅಂದ್ರೆ ಪುಸ್ತಕ ವಾಪಸ್ ಬಂದ ಕೂಡ್ಲೆ ಇಶ್ಯೂ ಹಿಸ್ಟರಿಯಿಂದ ಅವರ ಹೆಸರು ಬಿಟ್ಟೋಗುತ್ತೆ, ವರ್ಷದ ಇಶ್ಯೂ ಲೆಕ್ಕ ಉಳಿಯುತ್ತೆ. ಅದಕ್ಕೆ ಮುಂಚೆ ಒಂದು ಡಮ್ಮಿ ಮೆಂಬರ್ ಮಾಡಿ, ಅನಾನಿಮಸ್ ಪೇಟ್ರನ್ ಅನ್ನೋ ಸೆಟ್ಟಿಂಗಲ್ಲಿ ಅದರ ನಂಬರ್ ಕೊಡ್ಬೇಕು. ಪುಟ ಹರಿದು ಕೊಟ್ರೆ ಯಾರನ್ನ ಕೇಳೋದು ಅಂತ ನಮ್ಮ ಅಟೆಂಡರ್ ಅಣ್ಣ ಕೇಳಿದ್ರು, ಅದಕ್ಕೆ ಸ್ಟೋರ್‌ಲಾಸ್ಟ್‌ಬಾರೋವರ್ ಅನ್ನೋ ಇನ್ನೊಂದು ಸೆಟ್ಟಿಂಗ್ ಇದೆ, ಕೊನೇಲಿ ವಾಪಸ್ ಕೊಟ್ಟೋರೊಬ್ರ ಹೆಸರು ಮಾತ್ರ ಇಟ್ಕೊಳ್ಳುತ್ತೆ.

ಬೇಜಾರು ಏನಂದ್ರೆ ಇನ್‌ಸ್ಟಾಲ್ ಆದಾಗ ಓಪ್ಯಾಕ್‌ಪ್ರೈವೆಸಿ ಆಫ್ ಇರುತ್ತೆ, ಹಾಕ್ಕೊಡೋರು ಹೇಳಲ್ಲ, ನಾವೂ ಕೇಳಲ್ಲ. ಅದಕ್ಕೇ ಕೋಹಾಗೆ ಐದರಲ್ಲಿ ಒಂದು ಸ್ಟಾರ್ ಕಟ್, ನಾಲ್ಕು ಕೊಡ್ತೀನಿ.

ಇನ್ನು ಹೀಗೇ ನಡೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳು ಟೈಮ್ ಕೊಟ್ಟಿದಾರೆ. ಕೆಲಸ ಮುಗಿದ ಮಾಹಿತಿ ಅಳಿಸ್ಬೇಕು, ಯಾಕೆ ತಗೋತೀವಿ ಅನ್ನೋ ನೋಟಿಸ್ ಕನ್ನಡದಲ್ಲೂ ಸಿಗ್ಬೇಕು. ಬರೀ ಕಾಗದದ ಲೆಡ್ಜರ್‌ಗೆ ಅನ್ವಯ ಇಲ್ಲ, ಆದ್ರೆ ಅದನ್ನೇ ಕಂಪ್ಯೂಟರ್‌ಗೆ ಏರಿಸಿದ್ರೆ ಅನ್ವಯ ಆಗುತ್ತೆ. 18 ತುಂಬದವರೆಲ್ಲ ಕಾಯ್ದೆ ಲೆಕ್ಕದಲ್ಲಿ ಮಕ್ಕಳು, ಶಿಕ್ಷಣ ಸಂಸ್ಥೆಗಳಿಗೆ ಒಂದಷ್ಟು ರಿಯಾಯ್ತಿ ಇದೆ ನಿಜ, ಆದ್ರೂ ಪಿಯು ಕಾಲೇಜಿನವರು ಇದನ್ನ ಸರಿಯಾಗಿ ಓದ್ಕೊಳ್ಳಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸ್ ಹಾಕಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು, ನಮ್ಮ ಲೈಬ್ರರಿಗಳೇ ಹಿಂದೆ ಬಿದ್ರೆ ಹೆಂಗೆ.

ಹಳೇ ಬ್ಯಾಕಪ್ ಫೈಲಲ್ಲಿ ಹೆಸರುಗಳು ಇನ್ನೂ ಇರ್ತವೆ, ಪೆನ್‌ಡ್ರೈವಲ್ಲಿ ಇಟ್ಟಿದ್ದನ್ನೂ ಹುಡುಕಿ ಅಳಿಸಿ.