ಜೈಸಲ್ಮೇರ್ ಮರಳಲ್ಲಿ ಒಂದು ರಾತ್ರಿ: ಸಮ್ ಟೆಂಟೋ, ಖುರಿ ಗುಡಿಸಲೋ?

ಜೈಸಲ್ಮೇರ್ ಹತ್ತಿರದ ಸಮ್, ಖುರಿ ಎರಡೂ ಕಡೆ ರಾತ್ರಿ ಉಳಿದು ನೋಡಿದ ಮೇಲೆ ಹೇಳುವುದಿಷ್ಟು: ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ಖುರಿಗೇ ಹೋಗಿ. ಸಮ್‌ನಲ್ಲಿ ಮರಳುದಿಬ್ಬಗಳು ದೊಡ್ಡವು, ಆಟಗಳು ಹೆಚ್ಚು, ಬಾತ್‌ರೂಮೂ ಚೆನ್ನಾಗಿರುತ್ತದೆ. ಆದರೆ ಅಲ್ಲಿ ನಿದ್ದೆ ಬರುವುದಿಲ್ಲ.

ಸಮ್ ಇರುವುದು ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ. ಖುರಿ ನೈರುತ್ಯಕ್ಕೆ, 50 ಕಿ.ಮೀ.ಗೆ ತುಸು ಕಡಿಮೆ. ಎರಡೂ ಕಡೆ ಪ್ಯಾಕೇಜ್ ಹೆಚ್ಚುಕಡಿಮೆ ಒಂದೇ: ಸಂಜೆ ಚಹಾ, ಒಂಟೆ ಸವಾರಿ, ಹಾಡು-ಕುಣಿತ, ರಾತ್ರಿ ಊಟ, ಬೆಳಗಿನ ತಿಂಡಿ.

ಸಮ್‌ನ ಮುಖ್ಯ ತೊಂದರೆ ಡಿಜೆ. ರಸ್ತೆಯುದ್ದಕ್ಕೂ ಕ್ಯಾಂಪ್‌ಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಪ್ರತಿ ಕ್ಯಾಂಪಿನ ನಡುವೆ ಒಂದು ವೇದಿಕೆ, ಸುತ್ತ ಟೆಂಟ್‌ಗಳು, ವೇದಿಕೆಯ ಎರಡು ಬದಿಗೆ ಆಳೆತ್ತರದ ಸ್ಪೀಕರ್. ನಿಮ್ಮ ಕ್ಯಾಂಪಿನವರು ಹತ್ತಕ್ಕೆ ಸರಿಯಾಗಿ ನಿಲ್ಲಿಸಿದರೂ ಪಕ್ಕದವರು ನಿಲ್ಲಿಸುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ನಡುರಾತ್ರಿ ಅದನ್ನು ಯಾರಿಗೆ ಹೇಳಿ ಜಾರಿ ಮಾಡಿಸುವುದು?

ಟೆಂಟಿನ ಕ್ಯಾನ್ವಾಸ್ ಗಾಳಿ ತಡೆಯುತ್ತದೆ, ಬೇಸ್ ಸದ್ದನ್ನು ತಡೆಯುವುದಿಲ್ಲ. ಮರುಭೂಮಿಯ ರಾತ್ರಿ ಅದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಹೊತ್ತು ಮುಳುಗಿದ ಮೇಲೆ ಮರಳು ಬೇಗ ಆರುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೋಗಿ ಚದುರಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಹಾಡು ಹಾಸಿಗೆಯ ಪಕ್ಕದಲ್ಲೇ ಬಡಿದಂತೆ ಕೇಳುವುದು ಇದರಿಂದಲೇ. ಕಿವಿಗೆ ಹತ್ತಿ ಇಟ್ಟರೂ ಮಂಚದಲ್ಲಿ ಆ ಬಡಿತ ತಿಳಿಯುತ್ತದೆ.

ಆದರೂ ಸಮ್‌ಗೇ ಹೋಗಬೇಕೆಂದಿದ್ದರೆ ಬುಕ್ ಮಾಡುವ ಮೊದಲು ಉಪಗ್ರಹ ನಕ್ಷೆ ತೆರೆದು ಕ್ಯಾಂಪಿನ ನಾಲ್ಕೂ ಬದಿ ನೋಡಿ. ಎರಡು ಬದಿಯಾದರೂ ಬರೀ ಮರಳಿರಬೇಕು. ವೇದಿಕೆಯಿಂದ ಅತಿ ದೂರದ ಸಾಲಿನ ಟೆಂಟ್ ಬೇಕೆಂದು ಬರಹದಲ್ಲಿ ಕೇಳಿ, ಜನರೇಟರ್ ಯಾವ ಮೂಲೆಯಲ್ಲಿದೆ ಎಂಬುದನ್ನೂ ಕೇಳಿ. ದೂರದ ಸಾಲು ಎಂದು ಕೊಟ್ಟ ಟೆಂಟಿನ ಬೆನ್ನಿಗೇ ಜನರೇಟರ್ ಇರುವುದುಂಟು. ಶನಿವಾರ ಬೇಡ. ಡಿಸೆಂಬರ್ 24ರಿಂದ ಜನವರಿ 2ರವರೆಗೆ ಬೇಡವೇ ಬೇಡ.

ಖುರಿ ಒಂದು ಹಳ್ಳಿ. ಉಳಿಯಲು ಮಣ್ಣಿನ ದುಂಡು ಗುಡಿಸಲು, ಮೇಲೆ ಹುಲ್ಲಿನ ಮಾಡು, ಗೋಡೆಗೆ ಸಗಣಿ-ಮಣ್ಣಿನ ಸಾರಣೆ, ಅದರ ಮೇಲೆ ಸುಣ್ಣದ ಬಿಳಿ ಚಿತ್ತಾರ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ನಿಧಾನವಾಗಿ ಬಿಡುತ್ತದೆ. ಟೆಂಟಿನಲ್ಲಿ ಜಿಪ್ ಕೆಳಗಿನ ಸಂದಿಯಿಂದ ಬರುವ ಚಳಿಗೆ ಎರಡು ರಜಾಯಿ ಸಾಲದು. ಇಲ್ಲಿ ಒಂದೇ ಸಾಕು. ಡಿಸೆಂಬರ್-ಜನವರಿಯ ರಾತ್ರಿ ಒಂದಂಕಿಗೆ ಇಳಿಯುತ್ತದೆ, ಮಕ್ಕಳಿಗೆ ಕಾಲುಚೀಲ, ಕುಲಾವಿ ಮರೆಯಬೇಡಿ. ಕಷ್ಟವಿರುವುದು ಬಚ್ಚಲಿನಲ್ಲಿ: ಹಲವು ಕಡೆ ಅದು ಗುಡಿಸಲಿನ ಹೊರಗೆ, ಬಿಸಿನೀರು ಬಕೆಟ್‌ನಲ್ಲಿ ತಂದುಕೊಡುತ್ತಾರೆ. ಮಂಡಿ ನೋವಿನವರಿದ್ದರೆ ಒಳಗೇ ವೆಸ್ಟರ್ನ್ ಕಮೋಡ್ ಇರುವ ಗುಡಿಸಲನ್ನು ಮೊದಲೇ ಹೇಳಿ ಇಡಿಸಿಕೊಳ್ಳಿ, ಫೋಟೋ ತರಿಸಿಕೊಳ್ಳಿ.

ಒಂಟೆ ಸವಾರಿಯಲ್ಲೂ ಖುರಿಯೇ ಮೇಲು. ಸಮ್‌ನಲ್ಲಿ ಪ್ಯಾಕೇಜಿನ ಸವಾರಿ ಎಂದರೆ ದಿಬ್ಬದವರೆಗೆ ಹೋಗಿ ಬರುವ ಕಾಲು ಗಂಟೆ, ಹಿಂದೆ ಮುಂದೆ ಒಂಟೆಗಳ ಸಾಲು. ಖುರಿಯಲ್ಲಿ ಹಳ್ಳಿಯಂಚಿನಿಂದ ಗಂಟೆಗಟ್ಟಲೆ ಹೋಗಬಹುದು. ಹತ್ತುವಾಗ ಒಂದು ಮಾತು ನೆನಪಿಡಿ: ಒಂಟೆ ಮೊದಲು ಎತ್ತುವುದು ಹಿಂಗಾಲು. ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ, ಆಗ ಬೆನ್ನು ಹಿಂದಕ್ಕೆ ವಾಲಿಸಬೇಕು. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಮಗುವನ್ನು ಮುಂದೆ ಕೂರಿಸಿ, ದೊಡ್ಡವರು ಹಿಂದಿನಿಂದ ಒಂದು ಕೈಯಲ್ಲಿ ಸೊಂಟ ಬಳಸಿ, ಇನ್ನೊಂದರಲ್ಲಿ ಜೀನಿನ ಹಿಡಿ ಹಿಡಿಯಬೇಕು. ಇದು ಆಗದವರಿಗೆ ಒಂಟೆ ಗಾಡಿ ಇದೆ.

ಜೀಪ್ ಸವಾರಿಗೆ ಸಮ್‌ನ ದಿಬ್ಬಗಳೇ ಸರಿ. ಬೆನ್ನುನೋವಿನವರು, ಗರ್ಭಿಣಿಯರು ಹತ್ತಬಾರದು.

ರಾಜಸ್ಥಾನದ ಕಾಲ್ಬೇಲಿಯಾ ಸಮುದಾಯದ ಕುಣಿತ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿದ್ದು 2010ರಲ್ಲಿ. ಸಮ್‌ನಲ್ಲಿ ಅದಕ್ಕೆ ಸಿಗುವುದು ಸ್ವಲ್ಪ ಹೊತ್ತು, ಆಮೇಲೆಲ್ಲ ಸಿನಿಮಾ ಹಾಡು. ಖುರಿಯಲ್ಲಿ ಮಾಂಗಣಿಯಾರರು, ಅಂದರೆ ಇಲ್ಲಿನ ಪರಂಪರೆಯ ಜನಪದ ಗಾಯಕರು, ಖಡ್‌ತಾಲ್ ಎಂಬ ಮರದ ತಾಳ, ಢೋಲಕ್ ಹಿಡಿದು ಎದುರಿಗೇ ಕೂತು ಹಾಡುತ್ತಾರೆ, ಮೈಕಿಲ್ಲದೆ. ಇದಕ್ಕಾಗಿಯಾದರೂ ಖುರಿಗೆ ಹೋಗಬೇಕು.

ಊಟ ಸಮ್‌ನಲ್ಲಿ ಬಫೆ, ಪನೀರ್ ಖಚಿತ. ಖುರಿಯಲ್ಲಿ ಸಜ್ಜೆ ರೊಟ್ಟಿ, ಕಢಿ, ಮರುಭೂಮಿಯ ಕಾಯಿಗಳ ಪಲ್ಯವಾದ ಕೇರ್-ಸಾಂಗ್ರಿ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಹೊಸದಲ್ಲ, ಆದರೆ ಇಲ್ಲಿ ದಪ್ಪಗೆ ಬೇಯಿಸಿ ತುಪ್ಪ ಸುರಿದು ಬೆಲ್ಲದ ಜೊತೆ ಕೊಡುತ್ತಾರೆ. ಮಕ್ಕಳಿಗೆ ಅನ್ನ, ಹೆಸರುಬೇಳೆ, ಮೊಸರು ಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿ.

ಹಣದ ಲೆಕ್ಕದಲ್ಲಿ ಎಚ್ಚರವಿರಬೇಕಾದ್ದು ಸಮ್‌ನಲ್ಲಿ. ಕ್ವಾಡ್ ಬೈಕ್, ಪ್ಯಾರಾಸೇಲಿಂಗ್, ನಿಮ್ಮವರಿಗಷ್ಟೇ ಮೀಸಲಾದ ಜೀಪು, ಕೆಲವು ಕಡೆ ರೂಮ್ ಹೀಟರ್ ಕೂಡ "ಎಲ್ಲ ಸೇರಿ" ದರದ ಹೊರಗೆ. ಮಕ್ಕಳ ದರ ಯಾವ ವಯಸ್ಸಿನಿಂದ, ಜೀಪಿನಲ್ಲಿ ಎಷ್ಟು ಜನ, ಒಂಟೆ ಎಷ್ಟು ನಿಮಿಷ, ಈ ಮೂರನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಬೆಂಗಳೂರಿನಿಂದ ಹೋಗುವ ಕುಟುಂಬಕ್ಕೆ ನಾನು ಹೇಳುವ ದಾರಿ ಇದು. ಮೊದಲ ದಿನ ಜೈಸಲ್ಮೇರ್‌ನಲ್ಲಿ ರೂಮು ಮಾಡಿ, ಸಮ್ ರಸ್ತೆಯಿಂದ ತುಸು ಒಳಗಿರುವ ಪಾಳು ಹಳ್ಳಿ ಕುಲ್ಧರಾ ನೋಡಿಕೊಂಡು, ಸಮ್‌ನಲ್ಲಿ ಜೀಪಿಗಷ್ಟೇ ದುಡ್ಡು ಕೊಟ್ಟು ಹತ್ತಿ, ಊರಿಗೆ ಮರಳಿ ಮಲಗಿ. ಎರಡನೆಯ ದಿನ ಖುರಿ. ಅಲ್ಲಿಗೆ ಮಧ್ಯಾಹ್ನ 3ಕ್ಕೆ ಮುಟ್ಟಬೇಕು. ಡಿಸೆಂಬರ್‌ನಲ್ಲಿ 6ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ತಡವಾದರೆ ಸವಾರಿ ಕತ್ತಲಲ್ಲೇ. ಬೆಳಗ್ಗೆ ಅವಸರವಿಲ್ಲ. ಅಲ್ಲಿ ಸೂರ್ಯ ಹುಟ್ಟುವುದು 7 ದಾಟಿದ ಮೇಲೆ, ಆರೂ ಮುಕ್ಕಾಲಿಗೆ ಎದ್ದು ಶಾಲು ಹೊದ್ದು ದಿಬ್ಬ ಹತ್ತಿದರೆ ಸಾಕು.