2 ಎಂಜಿ ನಿಕೋಟಿನ್ ಗಮ್: ವೇಪ್ ಬಿಟ್ಟು ಹುಬ್ಬಳ್ಳಿಗೆ ಬಂದ ಸಿಗರೇಟಿನವನ ರಿವ್ಯೂ

ಮೊದಲ ಹೇಳಿಬಿಡ್ತೀನಿ, ಸಿಗರೇಟ್ ಬಿಡಾಕ ಜಗಿಯೂ ಈ ಗಮ್ ಕೆಲಸ ಮಾಡ್ತೈತಿ. ಆದ್ರ ಸಿಗರೇಟಿನ ಮಜಾ ಕೊಡಂಗಿಲ್ಲ, ವೇಪಿನ (ಅಂದ್ರ ಇ-ಸಿಗರೇಟಿನ) ಮಜಾನೂ ಕೊಡಂಗಿಲ್ಲ, ಆ ಮಜಾ ಸಿಗ್ತೈತಿ ಅಂತ ತಗೊಂಡವ್ರು ಎರಡ ದಿನದಾಗ ಅದನ್ನ ಡ್ರಾವರಿನಾಗ ಒಗದು ಮತ್ತ ಪಾನ್ ಅಂಗಡಿ ಮುಂದ ನಿಂತಿರ್ತಾರ. ಐದಕ್ಕ ಮೂರೂವರಿ ಸ್ಟಾರ್. ಆ ಅರ್ಧ ಸ್ಟಾರ್ ಪಾನ್ ಫ್ಲೇವರ್ ಸಲುವಾಗಿ, ಪುದೀನಾ ಫ್ಲೇವರ್ ಒಂದ ಇದ್ದಿದ್ರ ಮೂರ ಕೊಡ್ತಿದ್ದೆ. ಬ್ರ್ಯಾಂಡ್ ಹೆಸರು ಹಾಕಂಗಿಲ್ಲ, ಯಾವ ಮೆಡಿಕಲ್ ಶಾಪಿಗೆ ಹೋದ್ರೂ ಕೌಂಟರ್ ಮ್ಯಾಲ ಕಣ್ಣಿಗೆ ಬೀಳೂವಂಗ ಇಟ್ಟಿರ್ತಾರ.

ನಾ ಸೇದಾಕ ಹತ್ತಿದ್ದು ಧಾರವಾಡದಾಗ ಕಾಲೇಜ್ ಓದೂವಾಗ. ಕೆಲಸಕ್ಕ ಹುಬ್ಬಳ್ಳಿಗೆ ಬಂದೆ, ಮದುವಿ ಆತು, ಮಕ್ಕಳು ಆದ್ವು, ಮಕ್ಕಳ ಮದುವಿನೂ ಆತು, ಚಟ ಹಂಗ ಇತ್ತು. ಮುಂಜಾನಿ ಎದ್ದು ಚಾ ಕುದಿಯೂದರೊಳಗ ಒಂದು, ಚಾ ಆದಮ್ಯಾಲ ಒಂದು. ಇಂಥಾ ಮನಿಷ್ಯಾ ಮಗಳ ಮನಿಗೆ ಅಂತ ಮ್ಯಾಂಚೆಸ್ಟರಿಗೆ ಹೋದಾಗ ಅಲ್ಲಿ ಸಿಗರೇಟಿನ ರೇಟ್ ಕೇಳಿನ ಅರ್ಧ ಚಟ ಇಳೀತು ಅನ್ರಿ. ಅಳಿಯಾನ ವೇಪ್ ಅಂಗಡಿಗೆ ಕರಕೊಂಡು ಹೋದ. ಅಲ್ಲಿ ಅದು ಕಾಯ್ದೆ ಪ್ರಕಾರ ಸಿಗೂ ಸಾಮಾನು, ಸರ್ಕಾರಿ ಆಸ್ಪತ್ರಿ ವ್ಯವಸ್ಥೆಯವರ, ಅಂದ್ರ ಎನ್‌ಎಚ್‌ಎಸ್‌ನವರ, ಸಿಗರೇಟ್ ಬಿಡೂ ಮಂದಿಗೆ ವೇಪ್ ಬಳಸ್ರಿ ಅಂತ ಹೇಳ್ತಾರ. 2023ರಾಗ 10 ಲಕ್ಷ ಸೇದೂ ಮಂದಿಗೆ ವೇಪ್ ಕಿಟ್ ಕೊಡ್ತೀವಿ ಅಂತ ಅಲ್ಲಿ ಸರ್ಕಾರನ ಘೋಷಣೆ ಮಾಡಿತ್ತು. ನಮಗ ಕೇಳಾಕ ವಿಚಿತ್ರ ಅನಸ್ತೈತಿ.

ವೇಪಿನ ಬಗ್ಗೆ ಇಲ್ಲಿ ಯಾಕ ಬರೀತೀನಿ ಅಂದ್ರ ಗಮ್ ಎಲ್ಲಿ ಕಡಿಮಿ ಬೀಳ್ತೈತಿ ಅನ್ನೂದು ಅದನ್ನ ಬಳಸಿದ ಮ್ಯಾಲನ ತಿಳೀತು. ವರ್ಷಾನುಗಟ್ಟಲೆ ಸಿಗರೇಟ್ ಸೇದಿದವ್ರಿಗೆ ವೇಪ್ ಒಮ್ಮೆಲೆ ಹೊಂದಂಗಿಲ್ಲ. ಸಿಗರೇಟ್ ಹೆಂಗ ಜಗ್ಗತೀವಿ, ಗಬಕ್ನ, ಜೋರಾಗಿ, ಸಣ್ಣ ಸಣ್ಣ ದಮ್ಮು. ವೇಪ್ ಹಂಗ ಜಗ್ಗಿದ್ರ ಒಳಗಿನ ಲಿಕ್ವಿಡ್ ಬಿಸಿ ಆಗೂದರೊಳಗ ಬಾಯಿಗೆ ಬರ್ತೈತಿ, ನಾಲಿಗಿ ಮ್ಯಾಲ ಖಾರ ಖಾರ. ನಿಧಾನಕ್ಕ ಮೂರ್ನಾಲ್ಕ ಸೆಕೆಂಡ್ ಜಗ್ಗಬೇಕು, ಮೊದಲ ಬಾಯಾಗ ಹಿಡಕೊಂಡು ಆಮ್ಯಾಲ ಒಳಗ ತಗೋಬೇಕು. ಅಂಗಡ್ಯಾಂವ ಇದನ್ನ ನಿಂತು ತೋರಿಸಿ ಕೊಟ್ಟ, ಅಂವ ಸ್ವತಃ ಮೊದಲ ಸಿಗರೇಟಿನವನಂತ. ಕೆಮ್ಮು ಬಂತು, ಎಲ್ಲಾರಿಗೂ ಮೊದಮೊದಲ ಬರ್ತೈತಿ ಅಂದ. ಗಂಟಲಾ ಒಣಗತೈತಿ, ಯಾಕಂದ್ರ ಆ ಲಿಕ್ವಿಡ್ಡಿನಾಗ ಇರೂ ಪ್ರೊಪಿಲಿನ್ ಗ್ಲೈಕಾಲ್ ಮತ್ತ ಗ್ಲಿಸರಿನ್ ಎರಡೂ ನೀರು ಹೀರತಾವು, ಪಕ್ಕದಾಗ ನೀರಿನ ಬಾಟ್ಲಿ ಇರಾಕಬೇಕು. ಗ್ಲೈಕಾಲ್ ಹೆಚ್ಚಿದ್ರ ಗಂಟಲಿಗೆ ಸಿಗರೇಟ್ ಹೊಡದಂಗ ಹೊಡಿತೈತಿ, ಗ್ಲಿಸರಿನ್ ಹೆಚ್ಚಿದ್ರ ಬರೇ ದೊಡ್ಡ ಮೋಡ. ಹಳೇ ಸಿಗರೇಟಿನವ್ರಿಗೆ ಮೋಡ ಬ್ಯಾಡ, ಹೊಡತ ಬೇಕು. ಕಾಯಿಲ್, ಅಂದ್ರ ಲಿಕ್ವಿಡ್ ಬಿಸಿ ಮಾಡೂ ತಂತಿ, ಹೊಸಾದು ಹಾಕಿದ್ರ ಲಿಕ್ವಿಡ್ಡಿನಾಗ ಒಂದೈದ ಹತ್ತ ನಿಮಿಷ ನೆನಿಯಾಕ ಬಿಡಬೇಕು, ಇಲ್ಲಾಂದ್ರ ಒಳಗಿನ ಹತ್ತಿ ಸುಟ್ಟು ಆ ವಾಸನಿ ಕಾಯಿಲ್ ತಗದು ಒಗಿಯೂ ತನಕ ಹೋಗಂಗಿಲ್ಲ.

ಅಲ್ಲಿ ಕಾಯ್ದೆ ಪ್ರಕಾರ ಒಂದು ಎಂಎಲ್‌ಗೆ 20 ಎಂಜಿಗಿಂತ ಹೆಚ್ಚು ನಿಕೋಟಿನ್ ಇರಂಗಿಲ್ಲ, ಟ್ಯಾಂಕ್ 2 ಎಂಎಲ್, ತುಂಬೂ ಬಾಟ್ಲಿ 10 ಎಂಎಲ್. ಭಾರಿ ಸೇದೂ ಮಂದಿ ಶುರು ಮಾಡೂವಾಗ ಆ 20 ಬೇಕಾಗ್ತೈತಿ, 3 ಎಂಜಿ ತಗೊಂಡು ಇದ್ರಾಗ ಏನೂ ಇಲ್ಲ ಅಂತ ಬಿಟ್ಟವ್ರ ಭಾಳ. ನನಗ 20 ಸರಿ ಹೋತು. ಆದ್ರ ಒಂದ ಮಾತು ಯಾರೂ ಮೊದಲ ಹೇಳಿರಲಿಲ್ಲ. ಸಿಗರೇಟಿಗೆ ಕೊನಿ ಐತಿ, ತುದಿ ಬಂತು, ಒಗದ್ವಿ, ಒಳಗ ಹೋದ್ವಿ. ವೇಪಿಗೆ ಕೊನಿನ ಇಲ್ಲ. ಟಿವಿ ನೋಡಕೊಂತ ಒಂದು, ಫೋನ್ ನೋಡಕೊಂತ ಒಂದು, ದಿನಾ ಪೂರ್ತಿ ಬಾಯಾಗ. ಸಿಗರೇಟ್ ಬಿಟ್ಟೆ ಖರೇ, ಕೈಯಾಗಿಂದು ಇಳೀಲಿಲ್ಲ.

ಇನ್ನ ವಾಪಸ್ ಬರೂ ಮಾತು. ಕರ್ನಾಟಕದಾಗ ಇ-ಸಿಗರೇಟ್ 2016ರಾಗನ ಬ್ಯಾನ್ ಆಗೈತಿ, ಇಡೀ ದೇಶದಾಗ 2019ರಾಗ, ಸೆಪ್ಟೆಂಬರಿನಾಗ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಾಗ ಅದ ಕಾಯ್ದೆ ಆತು. ತಯಾರಿಸೂದು, ಆಮದು, ರಫ್ತು, ಸಾಗಿಸೂದು, ಮಾರೂದು, ಜಾಹೀರಾತು ಎಲ್ಲಾ ಬಂದ್. ಮೊದಲ ಸಲ ಸಿಕ್ಕಿಬಿದ್ರ ಒಂದು ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ ಇಲ್ಲಾ ಎರಡೂ, ಸ್ಟಾಕ್ ಇಟ್ಕೊಂಡ್ರ ಬ್ಯಾರೆ ಶಿಕ್ಷೆ. ಹಂಗಾಗಿ ಬ್ಯಾಗಿನಾಗ ಹಾಕ್ಕೊಂಡು ಬರೂ ಮಾತ ಇಲ್ಲ, ಅಲ್ಲೇ ಅಂಗಡಿಯ ರಿಸೈಕ್ಲಿಂಗ್ ಡಬ್ಬಿಗೆ ಹಾಕಿ ಬಂದೆ. ಇಲ್ಲೆ ಹುಡುಗೂರು ಕದ್ದು ಸಿಗ್ತಾವ ಕಾಕಾ ಅಂತಾರ. ಸಿಗಲಿ, ಒಳಗ ಏನ ತುಂಬ್ಯಾರ ಅಂತ ಯಾರು ನೋಡ್ಯಾರ? ಅಮೆರಿಕಾದಾಗ 2019ರಾಗ ಸಾವಿರಾರು ಮಂದಿ ಶ್ವಾಸಕೋಶ ಕೆಟ್ಟು ಆಸ್ಪತ್ರಿ ಸೇರಿದ್ರು, ಅದಕ್ಕ ಮುಖ್ಯ ಕಾರಣ ಅಂತ ಸಿಕ್ಕಿದ್ದು ಕಳ್ಳ ಮಾರ್ಕೆಟ್ಟಿನ ಗಾಂಜಾ ಎಣ್ಣಿ ಕಾರ್ಟ್ರಿಜ್‌ನಾಗ ಬೆರಸಿದ್ದ ವಿಟಮಿನ್ ಇ ಅಸಿಟೇಟ್. ಬ್ರಿಟನ್ ಒಂದು ಹೇಳ್ತೈತಿ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2019ರ ವರದಿಯಾಗ ಪೂರ್ತಿ ಬ್ಯಾನ್ ಮಾಡ್ರಿ ಅಂತ ಹೇಳೈತಿ. ಸೇದದ ಇರೂ ಹುಡುಗೂರು ಹಿಡಕೊಳ್ತಾರ ಅನ್ನೂ ಚಿಂತಿ ಸುಳ್ಳಲ್ಲ, ಬ್ರಿಟನ್ನೂ 2025ರ ಜೂನಿನಾಗ ಒಮ್ಮೆ ಬಳಸಿ ಒಗಿಯೂ ವೇಪ್ ಬಂದ್ ಮಾಡ್ತು. ಆದ್ರ ವೇಪ್ ಬಂದ್ ಮಾಡಿ ಸಿಗರೇಟ್ ಮೂಲಿ ಮೂಲಿಗೆ ಬಿಟ್ಟಿದ್ದು ಯಾವ ಲೆಕ್ಕ ಅಂತ ನನಗಂತೂ ತಿಳಿದಿಲ್ಲ, ಬಿಡ್ರಿ.

ಗಮ್ ತಗೊಂಡಿದ್ದು ವಿದ್ಯಾನಗರದಾಗ ಒಂದು ಮೆಡಿಕಲ್ಲಿನಾಗ. 2 ಎಂಜಿಗೆ ಡಾಕ್ಟರ್ ಚೀಟಿ ಬ್ಯಾಡ, 4 ಎಂಜಿಗೆ ಬೇಕು. ಎದ್ದು ಅರ್ಧ ತಾಸಿನೊಳಗ ಮೊದಲ ಸಿಗರೇಟ್ ಹಚ್ಚೂ ಮಂದಿಗೆ 4 ಎಂಜಿನ ಸರಿ ಅಂತ ಲೆಕ್ಕ ಐತಿ. ಕೌಂಟರಿನ್ಯಾಗ ಇದ್ದ ಹೆಣಮಗಳು ನನ್ನ ಅದನ್ನ ಕೇಳಿದ್ಲು, ಸರ ಎದ್ದ ಎಷ್ಟೊತ್ತಿಗೆ ಸೇದತೀರಿ ಅಂತ. ಆ ಪ್ರಶ್ನೆ ಕೇಳೂ ಅಂಗಡಿ ಸಿಕ್ಕಿದ್ದ ಪುಣ್ಯ. ಚಾ ಕುದಿಯೂದರೊಳಗ ಅಂದೆ, ನಕ್ಕು, ಹಂಗಾದ್ರ ಡಾಕ್ಟರಿಗೆ ತೋರಿಸ್ಕೊಂಡು ಬರ್ರಿ ಅಂದ್ಲು. ತೋರಿಸಿದೆ. ಬಿಪಿ ನೋಡಿ, ಸದ್ಯಕ್ಕ 2 ಎಂಜಿನ ತಗೋರಿ, ಬೇಕಾದಾಗ ತಡಾ ಮಾಡಬ್ಯಾಡ್ರಿ ಅಂದ್ರು. ರೊಕ್ಕದ ಲೆಕ್ಕದಾಗ ಒಂದು ಗಮ್ಮು ಒಂದು ಕಿಂಗ್ ಸಿಗರೇಟಿಗಿಂತ ಅಗ್ಗ ಬೀಳ್ತೈತಿ. ಫಾಯಿಲ್ ಮಾತ್ರ ದರಿದ್ರ, ಉಗುರಿಲೆ ಕಿತ್ತಿ ಕಿತ್ತಿ ಸಾಕಾಗ್ತೈತಿ, ತಲಬು ಎದ್ದಾಗ ಕೈ ನಡಗೂ ಮನಿಷ್ಯಾ ಅದನ್ನ ಹೆಂಗ ಬಿಚ್ಚಬೇಕು? ಒಳಗಿನ ಚೀಟಿ ಇಂಗ್ಲಿಷಿನಾಗ, ಅಕ್ಷರ ಇರಬಿ ಸಾಲು. ಹೆಂಗ ಜಗಿಬೇಕು ಅನ್ನೂದ ಮುಖ್ಯ ವಿಷಯ, ಅದನ್ನ ಕನ್ನಡದಾಗ ದೊಡ್ಡದಾಗಿ ಹಾಕಿದ್ರ ಇವ್ರ ಗಂಟು ಏನ ಹೋಗ್ತಿತ್ತು.

ಯಾಕಂದ್ರ ಎಡವೂದು ಇಲ್ಲೇ. ನನ್ನ ದೋಸ್ತ ಒಬ್ಬ ಗೋಕುಲ ರೋಡಿನಾಗ ಗ್ಯಾರೇಜ್ ಇಟ್ಟಾನ, ಅಂವಂಗೂ ಕೊಡಿಸಿದ್ದೆ, ಸಾದಾ ಚೂಯಿಂಗ್ ಗಮ್ ಜಗಿದಂಗ ಕಟಾ ಕಟಾ ಜಗದು ಹತ್ತ ನಿಮಿಷಕ್ಕ ಬಿಕ್ಕು, ಎದಿ ಉರಿ, ವಾಂತಿ ಬಂದಂಗ ಅಂತ ಫೋನ್ ಮಾಡಿದ, ಇದು ವಿಷಾ ಅದನೋ ಮಾರಾಯಾ ಅಂದ. ಗಮ್ಮಿನ ನಿಕೋಟಿನ್ ಹೋಗಬೇಕಾಗಿದ್ದು ಬಾಯಿ ಒಳಗಿನ ಚರ್ಮದಿಂದ, ಹೊಟ್ಟಿಗಲ್ಲ. ಲಗೂ ಲಗೂ ಜಗದ್ರ ಎಲ್ಲಾ ಉಗುಳಿನಾಗ ಬಂದು ನುಂಗಿಬಿಡ್ತೀವಿ, ತಲಬೂ ಹೋಗಂಗಿಲ್ಲ, ಹೊಟ್ಟಿನೂ ಕೆಡ್ತೈತಿ. ಸಾವಕಾಶ ನಾಲ್ಕೈದ ಸಲ ಜಗಿಬೇಕು, ಮೆಣಸಿನಂಗ ಚುರು ಚುರು ಅಂದ ಕೂಡಲೆ ನಿಲ್ಲಸಬೇಕು, ನಮ್ಮ ಹಿರ್ಯಾರು ಎಲಿ ಅಡಕಿ ಗಲ್ಲದಾಗ ಒತ್ತರಿಸಿ ಇಟ್ಕೊಂಡು ಕುಂದ್ರತಿದ್ರಲ್ಲ ಹಂಗ ಗಲ್ಲ ಮತ್ತ ವಸಡಿ ನಡುವ ಇಟ್ಕೊಂಡು ಸುಮ್ನ ಇರಬೇಕು. ಚುರುಚುರು ಕಡಿಮಿ ಆತು, ಮತ್ತ ಎರಡ ಸಲ ಜಗಿ, ಈ ಸಲ ಆ ಕಡಿ ಗಲ್ಲ. ಹಿಂಗ ಅರ್ಧ ತಾಸು. ಇಷ್ಟ ಹೇಳಿದ ಮ್ಯಾಲ ದೋಸ್ತಂಗ ಹೊಂದಿಕೊಂತು, ಈಗ ಗ್ಯಾರೇಜಿನಾಗ ಬರೂ ಗಿರಾಕಿಗೂ ಪಾಠ ಹೇಳ್ತಾನ.

ಇನ್ನೊಂದು ವಿಷಯ, ಇದು ತಲಬು ಎದ್ದ ಮ್ಯಾಲ ಹಾಕ್ಕೊಳ್ಳೂದಲ್ಲ. ಸಿಗರೇಟಿನ ನಿಕೋಟಿನ್ ಹತ್ತಿಪ್ಪತ್ತ ಸೆಕೆಂಡಿನಾಗ ತಲಿಗೆ ಮುಟ್ಟತೈತಿ, ಗಮ್ಮಿಂದು ಪೂರ್ತಿ ಏರಾಕ ಇಪ್ಪತ್ತ ಮೂವತ್ತ ನಿಮಿಷ ಬೇಕು. ವೇಪಿನಿಂದ ಬಂದವ್ರಿಗೆ ಈ ತಡಾನ ಭಾಳ ಕಾಡ್ತೈತಿ. ಅದಕ್ಕ ಮೊದಲ ಆರು ವಾರ ತಾಸು ಎರಡ ತಾಸಿಗೊಮ್ಮೆ ಒಂದು ಅಂತ ಟೈಮ್ ಇಟ್ಕೊಂಡು ತಗೋಬೇಕು, ಆಮ್ಯಾಲ ಅಂತರ ಹೆಚ್ಚ ಮಾಡ್ಕೊಂತ ಹೋಗಿ ಹನ್ನೆರಡ ವಾರಕ್ಕ ಬಿಡೂದು, ದಿನಕ್ಕ 24ರ ಮ್ಯಾಲ ಹೋಗಬಾರದು. ನಾ ಹನ್ನೆರಡ ವಾರದ ಮ್ಯಾಲೂ ಪ್ರಯಾಣದ ದಿನಾ ಒಂದೊಂದು ಇಟ್ಕೊಂಡಿರ್ತೀನಿ. ಧಾರವಾಡಕ್ಕ ಹೋಗೂವಾಗ ಚಿಗರಿ ಬಸ್ ಹತ್ತೂಕಿಂತ ಮೊದಲ ಒಂದು ಹಾಕ್ಕೊಂಡ್ರ ಉಣಕಲ್ ದಾಟೂದರೊಳಗ ತಲಿ ಶಾಂತ. ಮೊದಲ ಇಳದ ಕೂಡಲೆ ಕಿಸೆಗೆ ಕೈ ಹೋಗ್ತಿತ್ತು, ಈಗ ಬರೇ ಕಿಸೆ ತಡವಿ ಸುಮ್ನ ಆಗ್ತೀನಿ. ಕೈಗೆ ಏನರ ಬೇಕು ಅನ್ನೂದಕ್ಕ ಗಮ್ಮಿನಾಗ ಉತ್ತರ ಇಲ್ಲ, ವೇಪ್ ಅಲ್ಲಿ ಗೆಲ್ತೈತಿ. ಆದ್ರ ಗಮ್ಮಿಗೆ ಕೊನಿ ಐತಿ, ಅರ್ಧ ತಾಸಿಗೆ ಸಪ್ಪಗ ಆಗ್ತೈತಿ, ಉಗುಳತೀವಿ, ಆತು. ನನಗ ಅದ ದೊಡ್ಡ ಲಾಭ.

ಈಗ ಚಾ. ಇಡೀ ರಿವ್ಯೂದಾಗ ಭಾಳ ಕಷ್ಟದ್ದು ಇದು. ಗಮ್ ಬಾಯಾಗ ಇದ್ದಾಗ ಮತ್ತ ಅದಕ್ಕಿಂತ ಹದಿನೈದ ನಿಮಿಷ ಮೊದಲ ಏನೂ ತಿನಬಾರದು, ಕುಡಿಬಾರದು, ನೀರು ಬಿಟ್ಟು. ಕಾಫಿ, ಸೋಡಾ, ಲಿಂಬಿ ಶರಬತ್ತು ಇಂಥಾ ಹುಳಿ ಪದಾರ್ಥದಿಂದ ಬಾಯಿ ಆಮ್ಲ ಆದ್ರ ನಿಕೋಟಿನ್ ಸರಿಯಾಗಿ ಒಳಗ ಹೋಗಂಗಿಲ್ಲ. ನಮ್ಮ ಊರಾಗ ಹದಿನೈದ ನಿಮಿಷ ಚಾ ಇಲ್ದ ಕುಂದ್ರೂದು ಎಲ್ಲಿ? ಯಾರ ಆಫೀಸಿಗೆ ಹೋದ್ರೂ ಚಾ, ದುರ್ಗದ ಬೈಲಿಗೆ ಸಂಜಿಕೆ ಹೋದ್ರ ಗಿರ್ಮಿಟ್ಟು, ಮಿರ್ಚಿ ಭಜಿ, ಅದರ ಮ್ಯಾಲ ಚಾ, ಬ್ಯಾಡಾ ಅಂದ್ರ ಯಾಕ್ರೀ ಸಿಟ್ಟಾಗೀರೇನು ಅಂತಾರ. ನಾ ಮಾಡ್ಕೊಂಡ ದಾರಿ, ಚಾ ಮೊದಲ ಮುಗಿಸಿ, ಬಾಯಿ ಮುಕ್ಕಳಿಸಿ, ಒಂದ ಹದಿನೈದ ನಿಮಿಷ ಮಾತಾಡಿ ಆಮ್ಯಾಲ ಗಮ್. ಅಂದ್ರ ಚಾ ಆದ ಕೂಡಲೆ ಸೇದೂ ಆ ಗಳಿಗಿಗೆ ಗಮ್ ಸಿಗಂಗಿಲ್ಲ, ಆ ಹದಿನೈದ ನಿಮಿಷ ಬರಿಗೈಲೆ ತಡಕೊಳ್ಳಾಕಬೇಕು. ನಾ ಎದ್ದು ಅಡ್ಡಾಡ್ತೀನಿ, ಮನ್ಯಾಗ ಇದ್ರ ಬಟ್ಟಿ ಒಣ ಹಾಕ್ತೀನಿ, ಮನಿಯಾಕಿಗೆ ಇದ್ರಿಂದ ಲಾಭ ಆಗೇತಿ.

ಚಾದ್ದ ಇನ್ನೊಂದು ಮಾತು, ನಿದ್ದಿ ಬರವಲ್ದು, ಎದಿ ಡವ ಡವ ಅಂತೈತಿ ಅಂತ ಗಮ್ಮಿಗೆ ಬೈಯೂ ಮಂದಿ ಭಾಳ. ಗಮ್ ರಾತ್ರಿ ತಡವಾಗಿ ತಗೊಂಡ್ರ ಹಂಗ ಆಗಬಹುದು. ಆದ್ರ ಸಿಗರೇಟಿನ ಹೊಗಿಯಾಗಿನ ಟಾರ್ ಪದಾರ್ಥ ಲಿವರಿನಾಗ ಸಿವೈಪಿ1ಎ2 ಅನ್ನೂ ಎಂಜೈಮನ್ನ ಚುರುಕ ಮಾಡಿ ಇಟ್ಟಿರ್ತಾವು, ಚಾ ಕಾಫಿಯ ಕೆಫೀನ್ ಒಡದು ಹೊರಗ ಹಾಕೂದು ಅದ ಎಂಜೈಮ್. ಹೊಗಿ ನಿಂತ ಕೆಲವು ದಿನದಾಗ ಅದು ಮೊದಲಿನಂಗ ಸಾವಕಾಶ ಆಗ್ತೈತಿ, ಅಷ್ಟ ಚಾ ಕುಡದ್ರೂ ಮೈಯಾಗ ಹೆಚ್ಚ ಕೆಫೀನ್ ಉಳೀತೈತಿ. ಇದು ಹೊಗಿಯ ಆಟ, ನಿಕೋಟಿನ್ನಿಂದಲ್ಲ, ಹಂಗಾಗಿ ವೇಪಿಗೆ ಹೋದ್ರೂ ಗಮ್ಮಿಗೆ ಹೋದ್ರೂ ಆಗೂದ. ಚಾ ಅರ್ಧ ಕಪ್ ಮಾಡಿದೆ, ಸಂಜಿ ಐದರ ಮ್ಯಾಲ ಬಂದ್ ಮಾಡಿದೆ, ನಿದ್ದಿ ಬಂತು.

ಯಾರಿಗೆ ಹೊಂದಂಗಿಲ್ಲ: ಹಲ್ಲಿನ ಸೆಟ್ ಹಾಕ್ಕೊಂಡವ್ರಿಗೆ ಅಂಟ್ಕೋತೈತಿ, ಅವ್ರು ಚೀಪೂ ಗುಳಿಗಿ ಇಲ್ಲಾ ಮೈಗೆ ಅಂಟಸೂ ಪ್ಯಾಚ್ ಕೇಳ್ರಿ. ದವಡಿ ನೋವಿದ್ರ ಹಂಗ. ಹಾರ್ಟ್ ತ್ರಾಸ್ ಇದ್ದವ್ರು, ಬಸುರಿದ್ದವ್ರು ಡಾಕ್ಟರನ್ನ ಕೇಳಿ ತಗೋರಿ. ಗಮ್ ಒಂದಕ್ಕ ತಲಬು ತಡಿಯವಲ್ದು ಅಂದ್ರ ಪ್ಯಾಚ್ ಮ್ಯಾಲ ಗಮ್ ಸೇರಿಸಿ ಕೊಡ್ತಾರ, ಒಂದ ಬಳಸೂಕಿಂತ ಅದು ಹೆಚ್ಚ ಉಪಯೋಗ. ಸಿಗರೇಟ್ ಪಾಕೀಟಿನ ಮ್ಯಾಲ 1800-11-2356 ಅಂತ ನಂಬರ್ ಇರ್ತೈತಲ್ಲ, ಇಷ್ಟ ವರ್ಷ ನೋಡೂದು ಬಿಟ್ಟು ಹಚ್ಚಿದವ್ರು ನಮ್ಮ ಗುಂಪಿನಾಗ ಯಾರೂ ಇರಲಿಲ್ಲ, ಅದು ಬಿಡಾಕ ಸಹಾಯ ಮಾಡೂ ಸರ್ಕಾರದ ಫ್ರೀ ನಂಬರ್, ನಮ್ಮ ಕಡಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ನಡೀತೈತಿ.

ಫ್ಲೇವರ್ ಬಗ್ಗೆ ಕೇಳೂವವ್ರಿಗೆ, ಪುದೀನಾ ಮೊದಲ ತಂಪ, ಆಮ್ಯಾಲ ಔಷಧಿ ರುಚಿ. ಪಾನ್ ಫ್ಲೇವರ್ ಊಟದ ಮ್ಯಾಲ ಚಲೋ ಅನಸ್ತೈತಿ, ಮಂದಿ ಮುಂದ ಜಗದ್ರೂ ಪಾನ್ ತಿನ್ನಾಕ ಹತ್ಯಾನ ಅನ್ಕೊತಾರ. ಆದ್ರ ಅದ ಅದರ ತ್ರಾಸೂ, ಮನ್ಯಾಗ ಸಣ್ಣ ಮಕ್ಕಳಿಗೆ ಮಿಠಾಯಿ ಕಂಡಂಗ ಕಾಣ್ತೈತಿ. ಜಗದು ಉಗುಳಿದ ಗಮ್ಮಿನಾಗೂ ನಿಕೋಟಿನ್ ಉಳದಿರ್ತೈತಿ, ಕಾಗದದಾಗ ಸುತ್ತಿ ಮುಚ್ಚಳ ಇದ್ದ ಡಬ್ಬಿಗೆ ಹಾಕ್ರಿ, ಪಾಕೀಟ ಕಪಾಟಿನ ಮ್ಯಾಲಿನ ಖಾನೆದಾಗ ಇಡ್ರಿ.